ಕುಂಕುಮ ಹಚ್ಚಿದ ಲೇತು, ಮೊಂಡಾದ ಟೂಲು

ಶಿಡ್ಲಘಟ್ಟದಲ್ಲಿ ಪರಿಚಯದವರೊಬ್ಬರ ಹಿತ್ತಲಿನ ಶೆಡ್ಡಿಗೆ ಹೋಗಿದ್ದೆ. ಹೋದದ್ದು ಟೀ ಕುಡಿಯುವುದಕ್ಕೆ. ಗೇಟು ತೆಗೆಯುವಾಗಲೇ ಲೇತಿನ ಕಿರುಚಾಟ ಕಿವಿಗೆ ಬಿತ್ತು. ರೇಷ್ಮೆ ನೂಲು ಬಿಚ್ಚುವ ರಾಟೆಯ ಶಾಫ್ಟನ್ನು ಚಕ್ಕಿಗೆ ಕಟ್ಟಿದ್ದರು, 25 ಮಿಲಿಮೀಟರ್ ದಪ್ಪದ ಇಎನ್8. ಟೂಲ್ ಪೋಸ್ಟಿನಲ್ಲಿ ಬಂಗಾರದ ಬಣ್ಣದ ಹೊಸ ಇನ್ಸರ್ಟು ಮಿರಿಮಿರಿ ಮಿಂಚುತ್ತಿತ್ತು. ಶಾಫ್ಟಿನ ಮೈ ಮಾತ್ರ ಹಲಸಿನ ಸಿಪ್ಪೆ.

"ಏನಪ್ಪಾ ಇದು?" ಅಂದೆ, ಲೇತು ನಡೆಸುತ್ತಿದ್ದ ಹುಡುಗನಿಗೆ.

"ಇಂಪೋರ್ಟೆಡ್ ಇನ್ಸರ್ಟು ಸಾರ್, ಬೆಂಗಳೂರಿನ ಎಸ್‌ಪಿ ರೋಡಿಂದ ತಂದಿದ್ದು. ಈ ಮಟೀರಿಯಲ್ಲೇ ಸರಿಯಿಲ್ಲ."

ಸ್ಪಿಂಡಲ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ಕೇಳಿದೆ. ಗೊತ್ತಿಲ್ಲ. ಟೂಲಿನ ತುದಿ ಸೆಂಟರಿಗೆ ಇದೆಯಾ? "ಇದೆ ಸಾರ್, ಕಣ್ಣಳತೆ." ಬಗ್ಗಿ ನೋಡಿದೆ. ಟೂಲಿನ ಕೆಳಗೆ ಪ್ಯಾಕಿಂಗ್ ಅಂತ ಮುರಿದ ಹ್ಯಾಕ್ಸಾ ಬ್ಲೇಡಿನ ಎರಡು ತುಂಡು, ಅದರ ಮೇಲೆ ನಾಲ್ಕು ಮಡಿಕೆ ಮಡಿಸಿದ ಬೀಡಿ ಕಟ್ಟಿನ ಕಾಗದ. ನನ್ನ ಮುಖ ನೋಡಿ ಹುಡುಗ ಸಮಾಧಾನ ಹೇಳಿದ: "ಕೊನೇಲಿ ಪಾಲಿಶ್ ಪೇಪರ್ ಹೊಡೀತೀವಲ್ಲ ಸಾರ್, ನಡೆಯುತ್ತೆ ಬಿಡಿ."

ಈ "ನಡೆಯುತ್ತೆ ಬಿಡಿ" ಇದೆಯಲ್ಲ, ಅದು ಆ ಹುಡುಗನೊಬ್ಬನ ಮಾತಲ್ಲ. ಗೌರಿಬಿದನೂರಿನಲ್ಲೂ ಕೇಳಿದ್ದೇನೆ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹಿಂದೆಯೂ ಕೇಳಿದ್ದೇನೆ. ಚಿಂತಾಮಣಿ ಕಡೆ ಅದೇ ಮಾತು ತೆಲುಗಿನಲ್ಲಿ ಬರುತ್ತದೆ: "ಸರಿಪೋತುಂದಿಲೇ ಅನ್ನಾ." ಭಾಷೆ ಬೇರೆ, ಮೈಗಳ್ಳತನ ಒಂದೇ. ಮನೆಯ ಶೆಡ್ಡಿನಲ್ಲಿ ಲೇತು ಇಟ್ಟುಕೊಂಡವರಿಗೆಲ್ಲ ಹೇಳುತ್ತಿದ್ದೇನೆ, ಬೇಜಾರಾದರೆ ಆಗಲಿ. ನೀವು ಟೂಲು ಆರಿಸುತ್ತಿಲ್ಲ, ಡಬ್ಬಿ ಆರಿಸುತ್ತಿದ್ದೀರಿ. ನಿಮ್ಮ ಮಶೀನಿನ ಮೂಳೆ ಎಷ್ಟು ಗಟ್ಟಿ, ಎಷ್ಟು ಸುತ್ತು ತಿರುಗುತ್ತದೆ, ಮುಂದಿರುವ ಜಾಬು ಯಾವ ಲೋಹ, ಈ ಮೂರನ್ನೂ ಕೇಳದೆ ಅಂಗಡಿಯವನು ಕೊಟ್ಟದ್ದನ್ನು ತಂದು ಬಿಗಿಯುತ್ತೀರಿ.

ಲೆಕ್ಕ ಹಾಕೋಣ ಬನ್ನಿ, ಕಷ್ಟದ್ದೇನಲ್ಲ. ಜಾಬಿನ ವ್ಯಾಸವನ್ನು 3.14ರಿಂದ ಗುಣಿಸಿ, ಸುತ್ತಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಮೀಟರ್ ಲೋಹ ಟೂಲಿನ ಮುಂದೆ ಹಾದುಹೋಗುತ್ತದೆ ಅನ್ನುವುದು ಸಿಗುತ್ತದೆ. ಆ ಬಂಗಾರದ ಇನ್ಸರ್ಟು ಇಎನ್8 ಥರದ ಉಕ್ಕಿನಲ್ಲಿ ನಿಮಿಷಕ್ಕೆ 150 ಮೀಟರ್ ಆಸುಪಾಸು ಕೇಳುತ್ತದೆ. 25 ಮಿಲಿಮೀಟರ್ ಶಾಫ್ಟಿಗೆ ಅಂದರೆ 1,900 ಸುತ್ತು. ನಿಮ್ಮ ಆರಡಿ ಬೆಲ್ಟ್ ಲೇತು 500 ಸುತ್ತಿಗೇ ಏದುಸಿರು ಬಿಡುತ್ತದೆ. 500 ಸುತ್ತಿಗೆ ಸಿಗುವುದು 39 ಮೀಟರ್. ಕುದುರೆ ತಂದು ಗಾಣಕ್ಕೆ ಕಟ್ಟಿದ್ದೀರಿ, ಆಮೇಲೆ ಕುದುರೆ ಸರಿಯಿಲ್ಲ ಅನ್ನುತ್ತೀರಿ.

ಇನ್ಸರ್ಟಿನ ಡಬ್ಬಿಯ ಮೇಲೆ ಬರೆದದ್ದನ್ನಾದರೂ ಓದುತ್ತೀರಾ? ಆ ಶೆಡ್ಡಿನಲ್ಲಿದ್ದದ್ದು ಸಿಎನ್‌ಎಂಜಿ 120408. ಮೊದಲ ಅಕ್ಷರ ಆಕಾರ, 80 ಡಿಗ್ರಿಯ ವಜ್ರಾಕೃತಿ. ಎರಡನೆಯ ಅಕ್ಷರ 'ಎನ್' ಅಂದರೆ ಇನ್ಸರ್ಟಿನ ಪಕ್ಕೆಗೆ ಕ್ಲಿಯರೆನ್ಸೇ ಇಲ್ಲ, ಸೊನ್ನೆ ಡಿಗ್ರಿ. ಅದಕ್ಕೇ ಹೋಲ್ಡರು ಅದನ್ನು ಮುಂದಕ್ಕೆ ಬಗ್ಗಿಸಿ ಕೂರಿಸುತ್ತದೆ. ಹಾಗೆ ಬಗ್ಗಿ ಕೂತ ಟೂಲು ಲೋಹವನ್ನು ಕೊಯ್ಯುವುದಕ್ಕಿಂತ ಹೆಚ್ಚಾಗಿ ನೂಕುತ್ತದೆ. ನೂಕಿಸಿಕೊಂಡು ಅಲುಗದೆ ನಿಲ್ಲಲು ಟನ್‌ಗಟ್ಟಲೆ ಬೀಡುಕಬ್ಬಿಣ ಇರುವ ಮಶೀನು ಬೇಕು. ಕೊನೆಯ '08' ಅಂದರೆ ಮೂಗಿನ ದುಂಡು 0.8 ಮಿಲಿಮೀಟರ್. ಫಿನಿಶ್ ಕಟ್ ಅಂತ ನೀವು 0.2 ಕೊಟ್ಟರೆ ಆ ಮೂಗು ಕೊಯ್ಯುವುದೇ ಇಲ್ಲ, ಉಜ್ಜುತ್ತದೆ. ಕಿರುಚಾಟ ಅಲ್ಲಿಂದ ಬಂದದ್ದು. ಇನ್ಸರ್ಟೇ ಬೇಕು ಅಂತಿದ್ದರೆ ಸಿಸಿಎಂಟಿ 060204 ತನ್ನಿ. ಅದಕ್ಕೆ 7 ಡಿಗ್ರಿ ಕ್ಲಿಯರೆನ್ಸು, 0.4ರ ಮೂಗು. ಚಿಕ್ಕ ಮಶೀನಿನ ಕೈಗೆ ಹತ್ತುವ ಟೂಲು ಅದು.

ಇಲ್ಲಿ ಒಂದು ಮಾತು ಹೇಳಬೇಕು. ಈ ಇನ್ಸರ್ಟುಗಳು ಕಾರ್ಬೈಡಿನವು. ನಮ್ಮಲ್ಲಿ ಕಾರ್ಬೈಡ್ ಅಂದರೆ ಯಾರಿಗೂ ತಿಳಿಯುವುದಿಲ್ಲ, "ವಿಡಿಯಾ" ಅಂದರೆ ತಿಳಿಯುತ್ತದೆ. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇಟ್ಟ ಹೆಸರು ಅದು, 'ವಜ್ರದ ಹಾಗೆ' ಎಂಬ ಜರ್ಮನ್ ಮಾತಿನ ಮೊಟಕು. ಆ ಹೆಸರಿನ ಕಾರ್ಖಾನೆ ಬೆಂಗಳೂರಿನ ತುಮಕೂರು ರಸ್ತೆಯಲ್ಲೇ ಇತ್ತು. ಲೇತು ಮಾಡುವ ಕಂಪನಿಗಳೂ ಇಲ್ಲೇ ಇದ್ದವು: ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹುಟ್ಟಿತು, ಬೆಂಗಳೂರಿನಲ್ಲಿ ಎಚ್‌ಎಂಟಿ 1953ರಲ್ಲಿ. ಇಷ್ಟು ಹತ್ತಿರದಲ್ಲಿ ಇಷ್ಟು ವಿದ್ಯೆ ಇದ್ದ ನಾಡಿನಲ್ಲಿ, ಉಕ್ಕಿಗೆ ಪಿ ಗ್ರೇಡು, ಬೀಡುಕಬ್ಬಿಣಕ್ಕೆ ಕೆ ಗ್ರೇಡು ಅನ್ನುವ ಎರಡು ಅಕ್ಷರ ಕಲಿಯಲಿಕ್ಕೆ ನಿಮಗೆ ಪುರುಸೊತ್ತಿಲ್ಲ.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಅಂದರೆ ಮೂಗು ಮುರಿಯುತ್ತೀರಿ, ಹಳೇ ಕಾಲದ್ದು ಅಂತ. ಸ್ವಾಮಿ, ನಿಮ್ಮ ಲೇತೂ ಹಳೇ ಕಾಲದ್ದೇ! 25 ಮೀಟರ್ ವೇಗ ಸಾಕು ಅನ್ನುವ ಟೂಲದು. ಅದೇ ಶಾಫ್ಟಿಗೆ 320 ಸುತ್ತು. ನಿಮ್ಮ ಬೆಲ್ಟಿನ ನಡುಪುಲ್ಲಿಯಲ್ಲೇ ಸಿಗುತ್ತದೆ. ಹೆಚ್ಚು ಓಡಿಸಿದರೆ ಬೇಗ ಮುಗಿಯುತ್ತೆ ಅಂತ ಅದರಲ್ಲೂ ಆತುರ ಬೇಡ. ಅಮೆರಿಕದ ಎಫ್. ಡಬ್ಲ್ಯು. ಟೇಲರ್ 26 ವರ್ಷ ಲೋಹ ಕೊಯ್ದು ನೋಡಿ 1906ರಲ್ಲಿ ಮುಂದಿಟ್ಟ ಲೆಕ್ಕವಿದೆ. ಅದರ ಪ್ರಕಾರ 320ರ ಬದಲು 385 ಸುತ್ತು ಕೊಟ್ಟರೆ ಎಚ್‌ಎಸ್‌ಎಸ್ ಟೂಲಿನ ಆಯುಸ್ಸು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಎಚ್‌ಎಸ್‌ಎಸ್ ಬೇಡ ಅನ್ನುವುದಕ್ಕೆ ನಿಜವಾದ ಕಾರಣ ಬೇರೆ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಅದನ್ನು ಮಸೆಯಬೇಕು. ಮಸೆಯಲು ಬರುವುದಿಲ್ಲ. ಶೆಡ್ಡಿನ ಗ್ರೈಂಡರಿನಲ್ಲಿ ಕುಡುಗೋಲು, ಮಚ್ಚು, ಹಾರೆ ಎಲ್ಲ ಮಸೆದು ಕಲ್ಲಿನ ಮೈ ಹಳ್ಳ ಬಿದ್ದಿರುತ್ತದೆ. ಆ ಹಳ್ಳದಲ್ಲಿ ಟೂಲು ಒತ್ತಿ, ನೀಲಿಗಟ್ಟಿದ ಮೇಲೆ ನೀರಿಗೆ ಅದ್ದುತ್ತೀರಿ, ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಬ್ರೇಜ್ ಮಾಡಿದ ವಿಡಿಯಾ ಟಿಪ್ಪನ್ನೂ ಅದೇ ಕಲ್ಲಿಗೆ, ಅದೇ ನೀರಿಗೆ. ವಿಡಿಯಾಕ್ಕೆ ಹಸಿರು ಕಲ್ಲು ಬೇರೆ ಇದೆ, ಬಿಸಿಯಾದಾಗ ನೀರು ತೋರಿಸಲೇಬಾರದು ಅಂತ ಎಷ್ಟು ಜನಕ್ಕೆ ಎಷ್ಟು ಸಲ ಹೇಳುವುದು?

ಇನ್ನು ಆ ಬೀಡಿ ಕಾಗದಕ್ಕೆ ಬರುತ್ತೇನೆ. 20 ಮಿಲಿಮೀಟರ್ ಜಾಬಿನಲ್ಲಿ ಟೂಲಿನ ತುದಿ ಸೆಂಟರಿಗಿಂತ ಒಂದೇ ಒಂದು ಮಿಲಿಮೀಟರ್ ಮೇಲಿದ್ದರೆ ಸುಮಾರು 6 ಡಿಗ್ರಿ ಕ್ಲಿಯರೆನ್ಸು ಮಾಯ. ನೀವು ಕಷ್ಟಪಟ್ಟು ಮಸೆದದ್ದೇ 8 ಡಿಗ್ರಿ ಅಂದುಕೊಳ್ಳಿ, ಉಳಿದದ್ದು ಎಷ್ಟು? ಟೂಲಿನ ಹೊಟ್ಟೆ ಜಾಬಿಗೆ ಉಜ್ಜುತ್ತದೆ. ಕೆಳಗಿದ್ದರೆ ಫೇಸಿಂಗ್ ಮಾಡುವಾಗ ನಟ್ಟನಡುವೆ ಒಂದು ಗುಬಟು ಉಳಿಯುತ್ತದೆ, ಅದನ್ನು ಫೈಲಿನಿಂದ ಕೆರೆಯುತ್ತೀರಿ. ಇದಕ್ಕೆ ಡಯಲ್ ಬೇಡ, ಏನೂ ಬೇಡ. ಆರಿಂಚಿನ ಸ್ಟೀಲ್ ಸ್ಕೇಲು ಸಾಕು. ಮಶೀನು ನಿಲ್ಲಿಸಿ, ಸ್ಕೇಲನ್ನು ಟೂಲಿನ ತುದಿಗೂ ಜಾಬಿಗೂ ನಡುವೆ ಹಿಡಿದು ಕ್ರಾಸ್ ಸ್ಲೈಡನ್ನು ಮೆಲ್ಲಗೆ ತಾಕಿಸಿ. ಸ್ಕೇಲು ನೆಟ್ಟಗೆ ನಿಂತರೆ ಸೆಂಟರು. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲು ಕೆಳಗಿದೆ, ಜಾಬಿನ ಕಡೆ ವಾಲಿದರೆ ಮೇಲಿದೆ. ಆ ದಿನ ನಾನು ಹಿಡಿದು ತೋರಿಸಿದಾಗ ಸ್ಕೇಲಿನ ತಲೆ ಶಾಫ್ಟಿನ ಕಡೆ ಎಷ್ಟು ವಾಲಿತ್ತೆಂದರೆ ಹುಡುಗ ಮಾತಾಡಲಿಲ್ಲ. ಪ್ಯಾಕಿಂಗಿಗೆ ಕಾಗದ ಯಾಕೆ ಬೇಡ ಅಂತ ಅವನಿಗೆ ಬೇರೆ ಹೇಳಬೇಕಾಯಿತು: ಕಟ್ ಬಿದ್ದಾಗ ಕಾಗದ ಕುಸಿಯುತ್ತದೆ, ಟೂಲು ಕಂಪಿಸುತ್ತದೆ. ಸಪಾಟಾದ ತಗಡಿನ ತುಂಡುಗಳನ್ನು ಟೂಲಿನ ಅಗಲಕ್ಕೆ ಕತ್ತರಿಸಿ, ದಪ್ಪ ಬರೆದು, ಡಬ್ಬಿಯಲ್ಲಿಡಲು ಅರ್ಧ ಗಂಟೆಯ ಕೆಲಸ.

"ಒಂದು ಶಾಫ್ಟಿಗೆ ಇಷ್ಟೆಲ್ಲ ಯಾಕೆ?" ಅನ್ನುತ್ತೀರಿ. ರಾಟೆಯಲ್ಲಿ ಸುತ್ತುವ ಕಚ್ಚಾ ರೇಷ್ಮೆ 20-22 ಡೆನಿಯರಿನದು. ಅಂದರೆ ಒಂಬತ್ತು ಸಾವಿರ ಮೀಟರ್ ನೂಲು ತೂಗುವುದು ಇಪ್ಪತ್ತೆರಡು ಗ್ರಾಂ ಒಳಗೆ. ಶಾಫ್ಟು ಕುಣಿದರೆ ಆ ಎಳೆ ಏನಾಗಬೇಕು? ಚಿಂತಾಮಣಿಯಲ್ಲಿ ಸಬ್‌ಮರ್ಸಿಬಲ್ ಪಂಪಿಗೆ ಗನ್‌ಮೆಟಲ್ ಬುಷ್ ಮಾಡಿಕೊಡುವವರ ಕಥೆ ಇನ್ನೂ ಕೆಟ್ಟದು. ಉಕ್ಕಿಗೆ ಮಸೆದ ಟೂಲಿನಲ್ಲೇ ಗನ್‌ಮೆಟಲ್ ಬೋರ್ ಮಾಡುತ್ತಾರೆ. ಗನ್‌ಮೆಟಲ್ಲಿಗೆ ಟೂಲಿನ ತಲೆ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಅದು ಟೂಲನ್ನು ಒಳಗೆಳೆದುಕೊಂಡು ತೂತನ್ನು ದೊಡ್ಡದು ಮಾಡುತ್ತದೆ. "ಸ್ವಲ್ಪ ಲೂಸು, ಸರಿಪೋತುಂದಿ." ಆ ಪಂಪು 1,200 ಅಡಿ ಕೆಳಗೆ ಹೋಗುತ್ತದೆ. ಬುಷ್ ಸವೆದು ಶಾಫ್ಟು ಅಲುಗಿದ ದಿನ 20 ಅಡಿಯ ಅರವತ್ತು ಪೈಪು ಒಂದೊಂದಾಗಿ ಎತ್ತಿ ಬಿಚ್ಚಬೇಕು. ಎತ್ತಿಸುವ ಖರ್ಚು ರೈತನದು, ಒಣಗುವ ಟೊಮೆಟೊ ರೈತನದು. ನಿಮಗೆ ಉಳಿದದ್ದು ಟೂಲು ಮಸೆಯುವ ಐದು ನಿಮಿಷ.

ಮಿಲ್ಲಿಂಗಿನ ವಿಷಯಕ್ಕೆ ಬಂದರೆ ಕೋಪಕ್ಕಿಂತ ಭಯ ಹೆಚ್ಚು. ಲೇತಿನ ಕ್ರಾಸ್ ಸ್ಲೈಡಿಗೆ ಮಿಲ್ಲಿಂಗ್ ಅಟ್ಯಾಚ್‌ಮೆಂಟ್ ಹಾಕಿ ಕೀವೇ ತೆಗೆಯುವುದು ಒಳ್ಳೆಯ ಉಪಾಯವೇ, ಬೇರೆ ಮಶೀನಿಗೆ ದುಡ್ಡಿಲ್ಲದವರು ಮಾಡಲೇಬೇಕಾದದ್ದು. ಆದರೆ ಎಂಡ್ ಮಿಲ್ಲನ್ನು ಡ್ರಿಲ್ ಚಕ್ಕಿನಲ್ಲಿ ಹಿಡಿಯುತ್ತೀರಲ್ಲ! ಡ್ರಿಲ್ ಚಕ್ಕು ಮಾಡಿರುವುದು ನೇರ ಒತ್ತಡಕ್ಕೆ. ಪಕ್ಕದಿಂದ ಪೆಟ್ಟು ಬಿದ್ದರೆ ಅದರ ಟೇಪರು ಸಡಿಲವಾಗುತ್ತದೆ, ಎಂಡ್ ಮಿಲ್ಲು ತನ್ನ ತಿರುಪು ತೋಡಿನಿಂದಾಗಿ ತನ್ನನ್ನು ತಾನೇ ಹೊರಗೆಳೆದುಕೊಳ್ಳುತ್ತದೆ. ನನ್ನ ಎಡಗೈ ತೋರುಬೆರಳಿನ ಮೇಲೆ ಒಂದು ಬಿಳಿ ಗೆರೆ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಕೀವೇ ಇದ್ದಕ್ಕಿದ್ದಂತೆ ಎರಡು ಮಿಲಿಮೀಟರ್ ಆಳವಾಯಿತು, ಕಟ್ಟರು ಮುರಿದು ಹಾರಿತು. ಶಾಫ್ಟು ಗುಜರಿಗೆ, ನಾನು ಹೊಲಿಗೆಗೆ. ಅಂದಿನ ನನ್ನ ಮಾತು ಏನಿತ್ತು ಅಂತ ಹೇಳಬೇಕಾಗಿಲ್ಲ.

ನಿಮ್ಮ ಸ್ಪಿಂಡಲ್ಲಿನ ಟೇಪರು ಯಾವುದು ನೋಡಿಕೊಳ್ಳಿ. ಮೋರ್ಸ್ 3 ಆಗಿದ್ದರೆ ಆ ಟೇಪರಿನ ಇಆರ್ ಕಾಲೆಟ್ ಚಕ್ಕು ತನ್ನಿ. ಬಾಲ ಇರುವುದು ಬೇಡ, ಹಿಂದೆ ಎಂ12 ಥ್ರೆಡ್ ಇರುವುದೇ ಬೇಕು. ಸ್ಪಿಂಡಲ್ಲಿನ ತೂತಿನ ಮೂಲಕ ಎಂ12 ರಾಡು ತೂರಿಸಿ, ಹಿಂದೆ ಒಂದು ದಪ್ಪ ವಾಷರು, ನಟ್ಟು ಹಾಕಿ ಎಳೆದು ಬಿಗಿದರೆ ಅದೇ ಡ್ರಾ ಬಾರ್. ವಾಷರನ್ನು ನಿಮ್ಮ ಲೇತಿನಲ್ಲೇ ಮಾಡಿಕೊಳ್ಳಬಹುದು. ಸ್ಲೈಡಿನ ಹಳೆ ಸ್ಕ್ರೂ ಲೂಸಾಗಿರುತ್ತದೆ ಅನ್ನುವುದನ್ನು ಮರೆಯದೆ, ಜಾಬನ್ನು ಕಟ್ಟರಿನ ತಿರುಗುವಿಕೆಗೆ ಎದುರಾಗಿ ನಡೆಸಿ. ಜೊತೆಜೊತೆಗೆ ನಡೆಸಿದರೆ ಕಟ್ಟರು ಜಾಬನ್ನು ಕಸಿದುಕೊಳ್ಳುತ್ತದೆ.

ಇಷ್ಟೂ ಮಾಡದವರು ಆಯುಧ ಪೂಜೆಗೆ ಮಾತ್ರ ಮೊದಲು ಹಾಜರ್. ಬಾಳೆಕಂದು ಕಟ್ಟಿ, ಬೆಡ್ಡಿನ ಉದ್ದಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದು ನೀರು ಬೆಡ್ಡಿನ ಮೇಲೇ ಚೆಲ್ಲಿ ಬಾಗಿಲು ಹಾಕಿಕೊಂಡು ಎರಡು ದಿನ ರಜೆ. ಮೂರನೇ ದಿನ ಸ್ಲೈಡಿನ ಮೇಲೆ ತುಕ್ಕಿನ ಚುಕ್ಕೆ, ಸ್ಯಾಡಲ್ಲಿನ ಅಡಿಯಲ್ಲಿ ವಿಭೂತಿಯ ಮರಳು. ಪೂಜೆ ಬೇಡ ಅನ್ನುತ್ತಿಲ್ಲ, ಬಟ್ಟೆ ಹಾಸಿ ಮಾಡಿ. ಸೆಪ್ಟೆಂಬರ್ 15 ಬಂದರೆ ಇದೇ ಕೈಗಳು ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕುತ್ತವೆ. ನಮ್ಮ ಜಿಲ್ಲೆಯವರು, ಮುದ್ದೇನಹಳ್ಳಿಯವರು ಅಂತ ಭಾಷಣ ಬೇರೆ. ನೀರು ಇಂತಿಷ್ಟು ಮಟ್ಟಕ್ಕೆ ಏರಿದರೆ ತಾನಾಗಿ ತೆರೆಯುವ ಗೇಟನ್ನು ಖಡಕ್‌ವಾಸ್ಲಾ ಜಲಾಶಯಕ್ಕೆ ರೂಪಿಸಿದ ಮನುಷ್ಯ ಅವರು. ಕಣ್ಣಳತೆಯಲ್ಲಿ ಮಾಡಿದ್ದರೆ ಆ ಗೇಟು ತೆರೆಯುತ್ತಿತ್ತೇ?

ಆ ಶಿಡ್ಲಘಟ್ಟದ ಹುಡುಗನಿಗೆ ನನ್ನ ಡಬ್ಬಿಯಿಂದ ಒಂದು ಎಚ್‌ಎಸ್‌ಎಸ್ ತುಂಡು ಕೊಟ್ಟು ಬಂದಿದ್ದೇನೆ, ಸಾಲವಾಗಿ. ಕಲ್ಲಿನ ಹಳ್ಳ ಡ್ರೆಸ್ ಮಾಡಿ, ಟೂಲು ಮಸೆದು, ಸ್ಕೇಲು ಹಿಡಿದು ಸೆಂಟರಿಗೆ ತಂದು, ಇನ್ನೊಂದು ಶಾಫ್ಟು ಕಟ್ಟಿ ಇಡು ಅಂದಿದ್ದೇನೆ. ಬರುವ ಸೋಮವಾರ ಹೋಗುತ್ತೇನೆ. ಪಾಲಿಶ್ ಪೇಪರು ಕಣ್ಣಿಗೆ ಬಿದ್ದರೆ ಟೀ ಕುಡಿಯದೆ ಎದ್ದು ಬರುತ್ತೇನೆ.