ಇತಿಹಾಸದ ಭಾಷಣ ಊರ ಕಲ್ಲಿನ ಮುಂದೆ ನಡೆಯಲಿ

ಗುಬ್ಬಿಯಿಂದ ತಿಪಟೂರಿಗೆ ಹೋಗುವಾಗ ನಿಟ್ಟೂರು ದಾಟಿದ ಮೇಲೆ ಕೆ.ಬಿ. ಕ್ರಾಸ್ ಸಿಗುತ್ತದೆ. ಬಸ್ ಬದಲಾಯಿಸೋಕೆ, ಟೀ ಕುಡಿಯೋಕೆ ನಾವೆಲ್ಲ ಒಮ್ಮೆಯಾದರೂ ಅಲ್ಲಿ ಇಳಿದವರೇ. ಕೆ.ಬಿ. ಅಂದರೆ ಕಿಬ್ಬನಹಳ್ಳಿ. ಪುರಾತತ್ವ ಓದಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಹಳೆ ಶಿಲಾಯುಗದ ಜನ ಕಲ್ಲು ಒಡೆದು ಮಾಡಿಕೊಂಡ ಕೈಕೊಡಲಿಗಳು ಇಲ್ಲಿ ಸಿಕ್ಕಿವೆ. ಮೈಸೂರಿನ ವಿದ್ವಾಂಸ ಎಂ. ಶೇಷಾದ್ರಿಯವರು 1955ರಲ್ಲೇ ಇವುಗಳ ಬಗ್ಗೆ ಲೇಖನ ಬರೆದರು. ಬರೆದದ್ದು ಇಂಗ್ಲಿಷಿನಲ್ಲಿ, ಅಚ್ಚಾದದ್ದು ಹೊರದೇಶದ ಪತ್ರಿಕೆಯಲ್ಲಿ. ಅದೇ ಕ್ರಾಸ್‌ನಲ್ಲಿ ಟೀ ಕುಡಿಯುವ ನಮಗೆ ಅದನ್ನು ಹೇಳಿದವರು ಯಾರು?

ನಮ್ಮ ತಕರಾರು ಇಷ್ಟೇ. ಪರಂಪರೆ, ನಾಡು, ನುಡಿ ಎಂಬ ಉಪನ್ಯಾಸಗಳು ನಗರದ ಸಭಾಂಗಣಗಳಲ್ಲಿ ನಡೆಯುತ್ತವೆ. ನವೆಂಬರ್‌ನಲ್ಲಂತೂ ಕೇಳುವುದೇ ಬೇಡ. ಆದರೆ ಆ ಭಾಷಣಗಳಿಗೆ ಬೇಕಾದ ಸಾಕ್ಷಿ ಇರುವುದು ಹಳ್ಳಿಯಲ್ಲಿ.

ಹಲ್ಮಿಡಿಯನ್ನೇ ನೋಡಿ. ಅದು ಬೇಲೂರು ತಾಲ್ಲೂಕಿನ ಒಂದು ಹಳ್ಳಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅಲ್ಲಿನ ಶಾಸನವನ್ನು ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಸಿಕ್ಕಾಗ ಎಲ್ಲರ ಬಾಯಲ್ಲೂ ಆ ಕಲ್ಲಿನ ಹೆಸರಿತ್ತು. ಯಾರೋ ಅದನ್ನು ಚಪ್ಪಡಿ ಮಾಡಿ ಮೋರಿಗೆ ಹಾಸಿದ್ದರೆ?

ನಮ್ಮ ಗುಬ್ಬಿ ಸೀಮೆಯೇನೂ ಬಡವಲ್ಲ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತಂದರು. ಅದರಲ್ಲಿ ತಾಲ್ಲೂಕುವಾರು, ಊರುವಾರು ಪಟ್ಟಿ ಇದೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ನಿಮ್ಮ ಮೊಬೈಲಲ್ಲೇ ತೆರೆದು ನಿಮ್ಮೂರಿನ ಹೆಸರು ಹುಡುಕಬಹುದು. ಆಮೇಲೆ ಆ ಕಲ್ಲು ಇನ್ನೂ ಅಲ್ಲೇ ಇದೆಯೇ ನೋಡಿ. ಕೆಲವು ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಕೆಲವು ಕಡೆ ನಿಧಿಯ ಗುರುತು ಎಂದು ರಾತ್ರೋರಾತ್ರಿ ಬುಡ ಅಗೆಯುತ್ತಾರೆ. ಅದರಲ್ಲಿ ಬರೆದಿರುವುದು ನಿಧಿಯ ದಾರಿ ಅಲ್ಲ. ಕೆರೆಗೆ ಭೂಮಿ ಬಿಟ್ಟದ್ದು, ದನ ಬಿಡಿಸಲು ಹೋಗಿ ಸತ್ತವನ ಹೆಸರು, ಇಂಥ ಸಂಗತಿಗಳು. ಅದನ್ನು ಊರವರ ಮುಂದೆ ಒಮ್ಮೆ ಓದಿ ಹೇಳಿದ್ದರೆ ಯಾರೂ ಹಾರೆ ಹಿಡಿಯುತ್ತಿರಲಿಲ್ಲ.

ಕಲ್ಲಿನಲ್ಲಿ ಬರೆಸಲು ಆಗದವರ ಚರಿತ್ರೆಯೂ ಇದೆ. ನಮ್ಮ ಜಿಲ್ಲೆಯ ಕಾಡುಗೊಲ್ಲರು ಜುಂಜಪ್ಪನ ಕತೆಯನ್ನು ಗಣೆ ಊದುತ್ತಾ ಹಾಡುತ್ತಾರೆ. ಅವರ ಶಾಸನ ಇರುವುದು ಬಾಯಲ್ಲಿ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಅವರು ಬಹುಕಾಲದಿಂದ ಕೇಳುತ್ತಿದ್ದಾರೆ. ಹಾಗೆ ಕೇಳುವವರು ತಾವು ಯಾರು ಎಂಬುದಕ್ಕೆ ಪುರಾವೆ ತೋರಿಸಬೇಕು. ಆಗ ಹಟ್ಟಿಯ ಅಜ್ಜನ ಹಾಡೂ ದಾಖಲೆಯೇ. ಉಪನ್ಯಾಸದ ವೇದಿಕೆಯಲ್ಲಿ ಅವರಿಗೆ ಕೊನೆಯ ಹತ್ತು ನಿಮಿಷದ ಮನರಂಜನೆ ಕೊಟ್ಟರೆ ಸಾಲದು, ಮಾತಾಡುವ ಕುರ್ಚಿ ಕೊಡಬೇಕು.

ಆಸ್ಟ್ರೇಲಿಯಾದ ಮೂಲನಿವಾಸಿಗಳು ಇದನ್ನೇ ಕೇಳಿದರು. ಅಲ್ಲಿ ಮುಂಗೋ ಎಂಬ ಒಣಗಿದ ಕೆರೆಯ ಬಳಿ 1974ರಲ್ಲಿ ಸುಮಾರು 40,000 ವರ್ಷ ಹಿಂದಿನ ಮನುಷ್ಯನ ಮೂಳೆಗಳು ಸಿಕ್ಕವು. ವಿಜ್ಞಾನಿಗಳು ಅವನ್ನು ಕ್ಯಾನ್‌ಬೆರಾಕ್ಕೆ ಒಯ್ದರು. ಅವನು ನಮ್ಮ ಹಿರಿಯ, ಮನೆಗೆ ಕಳಿಸಿ ಎಂದು ಅಲ್ಲಿನ ಜನ ಪಟ್ಟು ಹಿಡಿದರು. 2017ರಲ್ಲಿ ಅವನು ಊರಿಗೆ ಮರಳಿದ.

ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇಕೆ ಎಂದು ನೀವು ಕೇಳಬಹುದು. ಕೊಬ್ಬರಿ ಬೆಲೆ ಬಿದ್ದಾಗ ನಮಗೂ ಹಾಗೇ ಅನ್ನಿಸುತ್ತದೆ. ಆದರೆ ಗುಡ್ಡಕ್ಕೆ ಜೆಸಿಬಿ ಬಂದಾಗ, ಇಲ್ಲಿ ಏನಿತ್ತು ಎಂದು ಹೇಳಲು ಗೊತ್ತಿಲ್ಲದ ಊರಿಗೆ ತಡೆಯಲು ಒಂದು ಕಾರಣ ಕಡಿಮೆ. ಗಣಿಯ ಧೂಳು ಏನೆಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತು. ಕಿಬ್ಬನಹಳ್ಳಿಯಲ್ಲಿ ಕೈಕೊಡಲಿ ಮಾಡಿದವರ ಜಾತಿ ಯಾವುದು, ದೇವರು ಯಾವುದು, ಭಾಷೆ ಯಾವುದು? ಆ ಕಲ್ಲು ಅದೊಂದನ್ನೂ ಹೇಳುವುದಿಲ್ಲ. ನಾವೇ ಮೂಲದವರು, ಅವರು ಆಮೇಲೆ ಬಂದವರು ಎಂದು ವೇದಿಕೆಯಲ್ಲಿ ಗುಡುಗುವವರನ್ನು ಮೊದಲು ಕೆ.ಬಿ. ಕ್ರಾಸ್‌ನಲ್ಲಿ ಇಳಿಸಬೇಕು.

ಹಾಗಾಗಿ ನಾವು ಕೇಳುವುದು ಇಷ್ಟು. ಪುರಾತತ್ವ ಇಲಾಖೆಯವರು, ಕಾಲೇಜಿನ ಮೇಷ್ಟ್ರುಗಳು ವರ್ಷಕ್ಕೊಂದು ಉಪನ್ಯಾಸವನ್ನಾದರೂ ಊರ ಶಾಸನದ ಮುಂದೆ, ಸಂಜೆ ಹೊತ್ತು, ನಮಗೆ ತಿಳಿಯುವ ಕನ್ನಡದಲ್ಲಿ ಮಾಡಲಿ. ಪಂಚಾಯಿತಿ ಒಂದು ಮೈಕು, ಒಂದು ಲೈಟು ಕೊಡಲಿ. ನೀವು ಮಾಡಬೇಕಾದ್ದೂ ಇದೆ. ಅಕ್ಷರ ಇರುವ ಕಲ್ಲು ಕಂಡರೆ ಸುಣ್ಣ, ಎಣ್ಣೆ ಬಳಿಯಬೇಡಿ, ಜಾಗ ಬದಲಿಸಬೇಡಿ. ಫೋಟೊ ತೆಗೆದು ಪಂಚಾಯಿತಿಗೆ ತಿಳಿಸಿ. ನಮಗೂ ಕಳಿಸಿ. ಓದಬಲ್ಲವರನ್ನು ಹುಡುಕುವ ಕೆಲಸ ನಮ್ಮದು.