ಊಸರವಳ್ಳಿಯ ನಾಲಗೆ

ಗಳಿಗೆಗೊಂದು ಮಾತಾಡುವವನನ್ನು ಊಸರವಳ್ಳಿಯೆಂದು ಜರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆ ಪ್ರಾಣಿಯ ಬಣ್ಣವನ್ನು ಕುರಿತು ಆಡಿಕೊಳ್ಳುವ ನಾವು ಅದರ ನಾಲಗೆಯನ್ನು ಕುರಿತು ಯೋಚಿಸಿದ್ದು ಕಡಿಮೆ. ಬಣ್ಣಕ್ಕಿಂತಲೂ ಸೋಜಿಗವಾದುದು ಆ ನಾಲಗೆ. ಈ ತಿಂಗಳು ಅದರ ರಚನೆಯನ್ನೂ ಕಾರ್ಯವನ್ನೂ ಅರಿಯೋಣ.

ಮೊದಲು ಗುರುತಿನ ಮಾತು. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ, ಗಂಟಲು ಕೆಂಪಾಗುವ ಪ್ರಾಣಿ ಓತಿಕ್ಯಾತ, ಅದು ಊಸರವಳ್ಳಿಯಲ್ಲ. ಮಲಯಾಳಂ ಶಾಲೆಗೆ ಹೋಗುವ ನಮ್ಮ ಮಕ್ಕಳು ಎರಡಕ್ಕೂ 'ಓಂದ್' ಎಂಬ ಒಂದೇ ಹೆಸರನ್ನು ಕೇಳುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ನಿಜವಾದ ಊಸರವಳ್ಳಿ, ಅಂದರೆ ಗೋಸುಂಬೆ, ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾದ ಮೈಯುಳ್ಳದ್ದು. ಅದರ ತಲೆಯ ಮೇಲೆ ಶಿರಸ್ತ್ರಾಣದಂಥ ಏಣು, ಕೊಂಬೆಗೆ ಸುತ್ತಿಕೊಳ್ಳುವ ಬಾಲ, ಇಕ್ಕುಳದಂತೆ ಹಿಡಿಯುವ ಪಾದಗಳಿವೆ. ಲೋಕದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಊಸರವಳ್ಳಿಗಳಿದ್ದು, ಬಹುಪಾಲು ಆಫ್ರಿಕಾ ಮತ್ತು ಮಡಗಾಸ್ಕರ್‌ಗಳಲ್ಲಿವೆ. ಭಾರತಕ್ಕೆ ದಕ್ಕಿರುವುದು ಒಂದೇ ಜಾತಿ. 1768ರಲ್ಲಿ ಲಾರೆಂಟಿ ಎಂಬ ವಿದ್ವಾಂಸನು ಅದಕ್ಕೆ 'ಕಮೀಲಿಯೋ ಜೈಲಾನಿಕಸ್' ಎಂದು ನಾಮಕರಣ ಮಾಡಿದನು. ಇದು ಒಣಕಾಡು, ಕುರುಚಲು ಗಿಡಗಳನ್ನು ಬಯಸುವ ಪ್ರಾಣಿ. ಆದುದರಿಂದ ಹೊಳೆಯಾಚೆಯ ಮೈಸೂರು ಸೀಮೆಯ ಬಂಧುಗಳಿಗೆ ಇದರ ಪರಿಚಯ ನಮಗಿಂತ ಹೆಚ್ಚು.

ಊಸರವಳ್ಳಿಯ ನಡಿಗೆ ಬಹಳ ನಿಧಾನ. ಓಡಿ ಬೇಟೆಯಾಡುವುದು ಅದಕ್ಕೆ ಸಾಧ್ಯವೇ ಇಲ್ಲ. ಮಿಡತೆ, ನೊಣಗಳು ಹಾರಿಹೋಗುವ ಮೊದಲೇ ದೂರದಿಂದ ಹಿಡಿಯಬೇಕು. ಅದಕ್ಕಾಗಿ ಪ್ರಕೃತಿಯು ದೇಹಕ್ಕಿಂತಲೂ ಉದ್ದಕ್ಕೆ ಚಾಚಬಲ್ಲ ನಾಲಗೆಯನ್ನು ಕೊಟ್ಟಿದೆ. ಬಾಲವನ್ನು ಬಿಟ್ಟು ಅಳೆದರೆ ಅನೇಕ ಜಾತಿಗಳಲ್ಲಿ ಅದು ದೇಹದ ಒಂದೂವರೆಯಿಂದ ಎರಡು ಪಟ್ಟು ದೂರಕ್ಕೆ ಹೋಗುತ್ತದೆ.

ಇಷ್ಟುದ್ದದ ನಾಲಗೆಯು ಬಾಯಲ್ಲಿ ಹೇಗೆ ಅಡಗಿರುತ್ತದೆ? ಗಾಳಿ ತುಂಬಿ ಉಬ್ಬುತ್ತದೆಂದೂ, ರಕ್ತ ನುಗ್ಗಿ ನೀಳವಾಗುತ್ತದೆಂದೂ ಹಿಂದಿನವರು ಊಹಿಸಿದ್ದರು. ಎರಡೂ ಸರಿಯಲ್ಲ. ನಾಲಗೆಯ ನಡುವೆ, ತುದಿ ಕಿರಿದಾದ ಮೃದ್ವಸ್ಥಿಯ ಒಂದು ಕಡ್ಡಿಯಿದೆ. ಅದರ ಸುತ್ತ ಬಳೆಯಂತೆ ಒಂದು ಸ್ನಾಯುವಿದೆ. ಕಡ್ಡಿಗೂ ಸ್ನಾಯುವಿಗೂ ನಡುವೆ, ಒಂದರೊಳಗೊಂದು ಸೇರಿದ, ಎಳೆದರೆ ಹಿಗ್ಗುವ ತೆಳುವಾದ ಒರೆಗಳಿವೆ. ಬೇಟೆಯನ್ನು ಕಂಡ ಊಸರವಳ್ಳಿಯು ಬಾಯಿ ತೆರೆದು ನಾಲಗೆಯನ್ನು ಕೊಂಚ ಮುಂದಕ್ಕೆ ತರುತ್ತದೆ. ಆಗ ಬಳೆಸ್ನಾಯು ಬಿಗಿದು ಒರೆಗಳನ್ನು ಎಳೆದು ನೀಳಗೊಳಿಸುತ್ತದೆ. ಈ ನಾಲಗೆಯು ಕಡ್ಡಿಯ ತುದಿಯನ್ನು ದಾಟಿದೊಡನೆ ಒರೆಗಳು ಸೆಟೆದು ಕುಗ್ಗಿ, ಅದನ್ನು ಮುಂದಕ್ಕೆ ಎಸೆಯುತ್ತವೆ. ಹಲಸಿನ ಹಸಿ ಬೀಜವನ್ನು ಬೆರಳುಗಳ ನಡುವೆ ಒತ್ತಿದರೆ ಅದು ಚಿಮ್ಮಿ ಹೋಗುವುದನ್ನು ಬಲ್ಲಿರಷ್ಟೆ? ಅದಕ್ಕೆ ರಬ್ಬರು ಬಿಲ್ಲಿನ ಸೆಟೆತವನ್ನೂ ಸೇರಿಸಿಕೊಳ್ಳಿ. ಈ ಒರೆಗಳ ಮರ್ಮವನ್ನು 2004ರಲ್ಲಿ ಹಾಲೆಂಡಿನ ಡಿ ಗ್ರೂಟ್ ಮತ್ತು ಫಾನ್ ಲ್ಯೂವೆನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು.

ಬರಿಯ ಸ್ನಾಯುಬಲದಿಂದ ಇಂಥ ವೇಗ ಬಾರದು. ಶಕ್ತಿಯನ್ನು ನಿಧಾನವಾಗಿ ಕೂಡಿಟ್ಟು ಒಮ್ಮೆಗೇ ಬಿಡುವುದೇ ಇಲ್ಲಿನ ಗುಟ್ಟು. ಇದರಿಂದ ಇನ್ನೊಂದು ಅನುಕೂಲವೂ ಉಂಟು. ಶೀತರಕ್ತ ಪ್ರಾಣಿಗಳ ಸ್ನಾಯುಗಳು ಚಳಿಯಲ್ಲಿ ಮಂದವಾಗುತ್ತವೆ. ಆದರೆ ಶಾಖವು 10 ಡಿಗ್ರಿಯಷ್ಟು ಇಳಿದರೂ ನಾಲಗೆಯ ಚಿಮ್ಮುವಿಕೆ ಶೇಕಡಾ 10ರಿಂದ 19ರಷ್ಟು ಮಾತ್ರ ಕುಗ್ಗುವುದೆಂದು 2010ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಡೆಬನ್ ಅಳೆದು ಕಂಡರು. ನಾಲಗೆಯನ್ನು ಹಿಂದಕ್ಕೆಳೆಯುವ ಕೆಲಸ ಸ್ನಾಯುವಿನದೇ ಆದುದರಿಂದ ಅದು ಶೇಕಡಾ 42ಕ್ಕಿಂತಲೂ ಹೆಚ್ಚು ಕುಗ್ಗಿತು.

ತಗುಲಿದ ಕೀಟವು ಅಂಟಿಕೊಳ್ಳಬೇಕಲ್ಲ? ನಾಲಗೆಯ ತುದಿಯಲ್ಲಿ ಲೋಳೆಯಿದೆ. ಅದು ಮನುಷ್ಯನ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದವಾದುದೆಂದು 2016ರಲ್ಲಿ ಪ್ರಕಟವಾಯಿತು. ತುದಿಯು ಕೀಟವನ್ನು ಮುಟ್ಟಿದಾಗ ಒಳಗುಳಿಯಾಗಿ ಬಟ್ಟಲಿನಂತೆ ಹಿಡಿಯುವುದೂ ಉಂಟು. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ಭಾರದ ಬೇಟೆಯನ್ನೂ ಅದು ಎಳೆದುಕೊಳ್ಳಬಲ್ಲದು. ಗುರಿಯ ದೂರವನ್ನು ಅಳೆಯುವ ಕೆಲಸ ಕಣ್ಣಿನದು. ಬೇರೆ ಹೊತ್ತಿನಲ್ಲಿ ದಿಕ್ಕಿಗೊಂದರಂತೆ ಹೊರಳುವ ಕಣ್ಣುಗಳೆರಡೂ ಆಗ ಬೇಟೆಯ ಮೇಲೆ ನೆಡುತ್ತವೆ.

ಈಗ ಮುಖ್ಯವಾದ ಮಾತು. ಓತಿಕ್ಯಾತವು ದೂರದಿಂದಲೇ ರಕ್ತ ಹೀರುತ್ತದೆಂದು ಹೆದರಿ ಹೊಕ್ಕುಳನ್ನು ಮುಚ್ಚಿಕೊಳ್ಳುವ ಮಕ್ಕಳನ್ನು ಈ ಕಡೆ ಕಾಣಬಹುದು. ಅದೇ ಹೆದರಿಕೆಯಲ್ಲಿ ಊಸರವಳ್ಳಿಗೂ ಕಲ್ಲು ಬೀಳುತ್ತದೆ. ಅದಕ್ಕೆ ವಿಷವಿಲ್ಲ, ರಕ್ತ ಹೀರುವ ಶಕ್ತಿಯೂ ಇಲ್ಲ. ಓಡಲಾರದ ಆ ಜೀವದ ಜೀವನೋಪಾಯವೆಲ್ಲ ನಾಲಗೆಯಲ್ಲಿದೆ. ಬಾಯಿಗೆ ಏಟು ಬಿದ್ದು ಬದುಕುಳಿದರೂ ಮುಂದೆ ಹೊಟ್ಟೆ ಹೊರೆಯುವುದು ಕಷ್ಟ. ನಮ್ಮ ಕಾಫಿ, ಮೆಣಸಿನ ತೋಟಗಳಲ್ಲಿ ಕೀಟ ತಿನ್ನುವ ಜೀವಿಗಳಿಗೆ ಕೆಲಸವಿದೆಯೆಂಬುದನ್ನು ರೈತರಾದ ವಾಚಕರಿಗೆ ಹೇಳಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಅದಕ್ಕಿದೆ.

ದಾರಿಯಲ್ಲಿ ತೂಗಾಡುತ್ತ ನಡೆಯುವ ಊಸರವಳ್ಳಿಯು ಕಂಡರೆ ಒಂದು ಕಡ್ಡಿಯನ್ನು ಮುಂದೆ ಹಿಡಿಯಿರಿ. ಅದು ಕಡ್ಡಿಯನ್ನು ಹಿಡಿದುಕೊಂಡೊಡನೆ ಹತ್ತಿರದ ಪೊದೆಗೆ ಬಿಡಿರಿ. ಮಕ್ಕಳ ಕೈಯಿಂದಲೇ ಈ ಕೆಲಸ ಮಾಡಿಸಿದರೆ ಇನ್ನೂ ಒಳ್ಳೆಯದು; ಒಮ್ಮೆ ಹಾಗೆ ದಾಟಿಸಿದ ಹುಡುಗ ಮತ್ತೆ ಕಲ್ಲೆತ್ತಲಾರ.