ಯಂತ್ರಾಪಘಾತವೂ ಕೂಲಿಕಾರನ ಹಕ್ಕೂ

ಕಲ್ಲುಗಣಿಯಲ್ಲಿ ಕ್ರೇನಿನ ಸರಪಳಿ ಹರಿದು ಕೆಳಗೆ ನಿಂತವನ ಕಾಲು ಜಜ್ಜಿಹೋಗುತ್ತದೆ. ಜಲ್ಲಿ ಒಡೆಯುವ ಯಂತ್ರದ ಪಟ್ಟಿಗೆ ಸಿಕ್ಕು ಒಬ್ಬನ ಕೈ ಹೋಗುತ್ತದೆ. ಹಿಂದಕ್ಕೆ ಸರಿಯುವ ಜೆಸಿಬಿಯ ಚಾಲಕನಿಗೆ ಬೆನ್ನ ಹಿಂದಿದ್ದವನು ಕಾಣುವುದಿಲ್ಲ. ಇಂಥ ಸುದ್ದಿಯು ವೃತ್ತಪತ್ರಗಳ ಮೂಲೆಯಲ್ಲಿ ನಾಲ್ಕು ಸಾಲಾಗಿ ಅಚ್ಚಾಗಿ ಮರುದಿನ ಮರೆತುಹೋಗುತ್ತದೆ. ಆದರೆ ಗಾಯಗೊಂಡವನ ಮೊಕದ್ದಮೆಯು ಆ ದಿನವೇ ಮೊದಲಾಗಿರುತ್ತದೆ. ಅವನಿಗೆ ಅದರ ಅರಿವಿರುವುದಿಲ್ಲ, ಅಷ್ಟೆ. ಗುತ್ತೇದಾರನ ಗುಮಾಸ್ತನು ಆಸ್ಪತ್ರೆಗೆ ಬಂದು, ಔಷಧಕ್ಕೆಂದು ಹತ್ತು ಸಾವಿರ ರೂಪಾಯಿ ಕೊಟ್ಟು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಆ ಕಾಗದವನ್ನು ನಾವು ನ್ಯಾಯಸ್ಥಾನದಲ್ಲಿ ಎಷ್ಟೋ ಸಲ ಕಂಡಿದ್ದೇವೆ. ತಪ್ಪು ತನ್ನದೇ, ಬರತಕ್ಕ ಹಣವೆಲ್ಲ ಬಂದಿತು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ.

ಆ ಕಾಗದಕ್ಕೆ ಬೆದರಬೇಕಾಗಿಲ್ಲವೆಂಬುದನ್ನು ಓದುಬಲ್ಲವರಾದರೂ ತಿಳಿದಿರಬೇಕೆಂದು ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ಒಂದು ಕಾಲಕ್ಕೆ ಗಾಯಗೊಂಡವನು ಧಣಿಯ ಅಲಕ್ಷ್ಯವನ್ನು ಸಾಕ್ಷಿಸಮೇತ ರುಜುಪಡಿಸಬೇಕಾಗಿತ್ತು. ಜೊತೆಗೆಲಸದವನ ತಪ್ಪಿಗೆ ಧಣಿಯು ಹೊಣೆಯಲ್ಲವೆಂದು 1837ರಲ್ಲಿ ಇಂಗ್ಲಂಡದ ನ್ಯಾಯಸ್ಥಾನವೊಂದು ಆಡಿದ ಮಾತು ಬಹುಕಾಲ ಬಡವರ ಕೊರಳಿಗೆ ಉರುಳಾಗಿತ್ತು. ನಮ್ಮ ದೇಶದಲ್ಲಿ 1923ರ ಕಾಮಗಾರರ ನಷ್ಟಪರಿಹಾರದ ಕಾಯಿದೆಯು ಈ ಕ್ರಮವನ್ನು ತಲೆಕೆಳಗು ಮಾಡಿತು. ಅದರ ತಿರುಳು ಈಗ 2020ರ ಸಾಮಾಜಿಕ ಸುರಕ್ಷಾ ಸಂಹಿತೆಯ 7ನೆಯ ಅಧ್ಯಾಯದಲ್ಲಿ ಸೇರಿದೆ. ಆ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು.

ಇದರಂತೆ ಯಾರ ತಪ್ಪು ಎಂಬುದು ಮೊದಲ ಪ್ರಶ್ನೆಯೇ ಅಲ್ಲ. ಅಪಘಾತವು ಕೆಲಸದ ನಿಮಿತ್ತವಾಗಿ, ಕೆಲಸದ ಹೊತ್ತಿನಲ್ಲಿ ಆಯಿತೇ ಎಂದಷ್ಟೇ ನೋಡಬೇಕು. ಕುಡಿದಿದ್ದನು, ಯಂತ್ರದ ರಕ್ಷಣೆಯ ತಗಡನ್ನು ಬೇಕೆಂದೇ ಕಿತ್ತಿದ್ದನು ಎಂಬ ಆಕ್ಷೇಪಗಳನ್ನು ಧಣಿಯು ಎತ್ತಬಹುದು, ನಿಜ. ಆದರೆ ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಒದಗಿದಲ್ಲಿ ಅವೂ ನಿಲ್ಲವು. ಹಕ್ಕು ಬಿಟ್ಟುಕೊಟ್ಟೆನೆಂಬ ಕರಾರು ಕಾಯಿದೆಯ ದೃಷ್ಟಿಯಲ್ಲಿ ಶೂನ್ಯ. ಔಷಧೋಪಚಾರಕ್ಕೆ ಕೊಟ್ಟ ಹಣವನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ. ಸತ್ತವನ ಪರಿಹಾರವನ್ನಂತೂ ಅಧಿಕಾರಿಯಲ್ಲಿ ಠೇವಣಿಯಿಡಬೇಕು. ಮೂರು ತಿಂಗಳ ಕೂಲಿಯಷ್ಟು ಮುಂಗಡದ ಹೊರತು, ವಿಧವೆಯ ಕೈಗೆ ಗುಟ್ಟಾಗಿ ಕೊಟ್ಟದ್ದು ಸಂದಾಯವೆನಿಸದು.

ಹಣವೆಷ್ಟೆಂಬುದನ್ನು ಲೆಕ್ಕ ಮಾಡಿಯೇ ನೋಡೋಣ. ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಕೂಲಿಯ ನೂರಕ್ಕೆ 60ನ್ನು ವಯಸ್ಸಿಗೆ ನಿಗದಿಯಾದ ಅಂಕದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು 2020ರ ಜನವರಿ 3ರ ಪ್ರಕಟಣೆಯು 15,000 ರೂಪಾಯಿಗೆ ಏರಿಸಿತು. 30 ವರ್ಷದವನ ಅಂಕ 207.98. ಅಂದರೆ 9,000ವನ್ನು ಅದರಿಂದ ಗುಣಿಸಿದರೆ 18,71,820 ರೂಪಾಯಿ. ಒಂದು ಅಂಗೈ ಹೋದರೆ ಅನುಸೂಚಿಯಂತೆ ದುಡಿಯುವ ಶಕ್ತಿಯ ನಷ್ಟ ನೂರಕ್ಕೆ 60. ಆಗ 11,23,092 ರೂಪಾಯಿ. ಗುಮಾಸ್ತನ ಹತ್ತು ಸಾವಿರದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿರಿ.

ಅನುಸೂಚಿಯೇ ಕೊನೆಯ ಮಾತೂ ಅಲ್ಲ. ಒಡಿಶಾದಲ್ಲಿ ಸಿನೆಮಾ ಮಂದಿರವೊಂದರ ಕೆಲಸದಲ್ಲಿ ಬಿದ್ದ ಬಡಗಿಯ ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದೇ ಕೈಯಿಂದ ಬಡಗಿತನ ಸಾಗದು, ಆದುದರಿಂದ ನಷ್ಟವು ಪೂರ್ಣವಾದುದು ಎಂಬ ಅಧಿಕಾರಿಯ ತೀರ್ಮಾನವನ್ನು ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು. ಧಣಿಯ ಹೊಣೆಯು ತೀರ್ಪಿನ ದಿನದಿಂದಲ್ಲ, ಅಪಘಾತದ ದಿನದಿಂದಲೇ ಹುಟ್ಟುತ್ತದೆಂದೂ ಹೇಳಿತು. ಒಂದು ತಿಂಗಳೊಳಗೆ ಹಣ ಕೊಡದಿದ್ದರೆ ನೂರಕ್ಕೆ 12ರ ಬಡ್ಡಿ. ಸಕಾರಣವಿಲ್ಲದೆ ತಡೆದರೆ ಮೇಲೆ ನೂರಕ್ಕೆ 50ರವರೆಗೆ ದಂಡ.

ಗುತ್ತೇದಾರನು ತಲೆಮರೆಸಿಕೊಂಡರೆ? ಯಾರ ವ್ಯವಹಾರಕ್ಕಾಗಿ ಕೆಲಸ ನಡೆದಿತ್ತೋ ಆ ಮುಖ್ಯ ಮಾಲಿಕನಿಂದಲೇ ಕೇಳಬಹುದು. ಅವನು ಬೇಕಾದರೆ ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಲಿ. ಗಾಯಗೊಂಡವನು ನೌಕರರ ರಾಜ್ಯ ವಿಮೆಗೆ ಸೇರಿದ್ದರೆ ದಾರಿ ಬೇರೆ: ವಿಮಾ ನಿಗಮವೇ ಕೊಡುತ್ತದೆ, ಧಣಿಯ ಮೇಲಿನ ಈ ಬಾಗಿಲು ಮುಚ್ಚುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ವಾಹನದಿಂದಾದ ಅಪಘಾತವಾದರೆ 1988ರ ಮೋಟಾರು ವಾಹನ ಕಾಯಿದೆಯ ನ್ಯಾಯಮಂಡಳಿಗೂ ಹೋಗಬಹುದು. ಆದರೆ ಎರಡರಲ್ಲೊಂದನ್ನೇ ಆರಿಸಬೇಕು. ಸಿವಿಲ್ ದಾವೆಯ ಸಂಗತಿಯೂ ಹಾಗೆಯೇ, ಮತ್ತು ಅಲ್ಲಿ ಅಲಕ್ಷ್ಯವನ್ನು ರುಜುಪಡಿಸುವ ಹಳೆಯ ಭಾರ ಇದ್ದೇ ಇದೆ. ಯಂತ್ರ ನಡೆಸುವಲ್ಲಿನ ಅಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 289ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಫಿರ್ಯಾದಿ ಕೊಡುವುದು ಒಳಿತು, ಪೋಲೀಸರ ಪಂಚನಾಮೆಯು ಮುಂದೆ ಸಾಕ್ಷಿಯಾಗುತ್ತದೆ. ಆದರೆ ಆ ಶಿಕ್ಷೆಯಿಂದ ಮನೆಯ ಒಲೆ ಉರಿಯುವುದಿಲ್ಲ.

ಅರ್ಜಿಯ ಅವಧಿ ಎರಡು ವರ್ಷ. ಅಪಘಾತವಾದ ಊರಿನಲ್ಲಿಯೇ ಕೊಡಬೇಕೆಂದಿಲ್ಲ. ವಾಸವಿರುವ ಸ್ಥಳದಲ್ಲಿಯೂ ಕೊಡಬಹುದು. ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಗಾಯಗೊಂಡು ಮರಳುವ ನಮ್ಮ ಉತ್ತರ ಕರ್ನಾಟಕದವನಿಗೂ, ನಮ್ಮ ನಾಡಿನ ಯಂತ್ರದಡಿ ಸಿಕ್ಕು ಊರಿಗೆ ಹಿಂದಿರುಗುವ ಬಿಹಾರದವನಿಗೂ ಇದು ದೊಡ್ಡ ಅನುಕೂಲ. ವಕೀಲನಿಗೆ ಕೊಡಲು ಹಣವಿಲ್ಲದ ಕೈಗಾರಿಕಾ ಕಾಮಗಾರನಿಗೆ 1987ರ ಕಾಯಿದೆಯಂತೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಪುಕ್ಕಟೆಯಾಗಿ ವಕೀಲನನ್ನು ಒದಗಿಸುತ್ತದೆ. ನಮ್ಮ ವೃತ್ತಿಯವರು ಇದನ್ನು ಡಂಗುರ ಹೊಡೆದು ಸಾರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ನಮ್ಮ ವಾಚಕರಲ್ಲಿ ಉಪಾಧ್ಯಾಯರು ಬಹುಮಂದಿ. ಅಪಘಾತವಾದ ದಿನ, ಹೊತ್ತು, ಯಂತ್ರದ ನಂಬರು, ಜೊತೆಗಿದ್ದವರ ಹೆಸರು ಇವಿಷ್ಟನ್ನು ಧಣಿಗೆ ಒಂದು ಪತ್ರವಾಗಿ ಬರೆದು, ನಕಲು ಇಟ್ಟುಕೊಂಡು, ಅಂಚೆಯ ರಸೀತಿಯನ್ನು ಗಾಯಗೊಂಡವನ ಮನೆಯವರ ಕೈಯಲ್ಲಿಡಲು ಅವರಿಗೆ ಅರ್ಧ ತಾಸು ಸಾಕು. ಆಸ್ಪತ್ರೆಯ ಚೀಟಿಯಲ್ಲಿ ಕೆಲಸದ ಅಪಘಾತವೆಂದೇ ಬರೆಯಲ್ಪಟ್ಟಿದೆಯೇ ಎಂದು ನೋಡಲಿ. ಗುಮಾಸ್ತನು ಕಾಗದ ಹಿಡಿದು ಬಂದರೆ, ಅದನ್ನು ರೋಗಿಯ ಭಾಷೆಯಲ್ಲಿ ಗಟ್ಟಿಯಾಗಿ ಓದಿಹೇಳೆಂದು ಕೇಳಲಿ. ಓದಲು ಅವನು ಒಪ್ಪದಿದ್ದರೆ ರೋಗಿಯು ಹೆಬ್ಬೆಟ್ಟನ್ನು ಹಾಸಿಗೆಯ ಕೆಳಗೆ ಇಟ್ಟುಕೊಳ್ಳಲಿ.